ಪಟ್ಟಿಯ ಕೊನೆಯ ಹೆಸರು

ನಮ್ಮ ಮಿಜೋ ಬೆಟ್ಟದ ಹೆಂಗಸರು
ಎಸರಿಗೆ ಅಕ್ಕಿ ಸುರಿಯುವ ಮುನ್ನ
ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ.
ಬುಹ್‌ಫಾಯ್ ಥಾಮ್ ಅನ್ನುತ್ತೇವೆ. ಹಿಡಿಯಕ್ಕಿ, ಅಷ್ಟೆ.
ಬೆಳಗಿಗೊಂದು, ಸಂಜೆಗೊಂದು, ದೇವರ ಪಾಲು.
ದೇವರು ಅನ್ನ ಉಣ್ಣುತ್ತಾನಾ ಎಂದು ಕೇಳಿ
ಅಜ್ಜಿಯ ಸೌಟಿನ ಪೆಟ್ಟು ತಿಂದವಳು ನಾನು.

ಶನಿವಾರ ಅದನ್ನು ಕೂಡಿಸುವ ಕೆಲಸ ಹುಡುಗಿಯರದು.
ಬೆನ್ನಿಗೆ ಬುಟ್ಟಿ, ಅದರ ಪಟ್ಟಿ ಹಣೆಗೆ,
ಕೈಯಲ್ಲಿ ಚರ್ಚಿನ ಹಿರಿಯ, ಉಪಾ ಹ್ರಾಂಗ್‌ಲಿಯಾನಾ
ಕೊಟ್ಟ ಹಾಲಿನ ಡಬ್ಬಿಯ ಅಳತೆ.
ಮನೆಮನೆಯ ಮೆಟ್ಟಿಲು ಹತ್ತಿ ಇಳಿದು
ಯಾರದು ಎಷ್ಟು ಎಂದು ನೆನಪಿಟ್ಟು ಬರೆಸಬೇಕು.

ಆಮೇಲೆ ಬಿದಿರು ಹೂಬಿಟ್ಟಿತು.
ಹೂವೆಂದರೆ ಚಂದ ಅನ್ನುವವರು ಆಗ ನಮ್ಮಲ್ಲಿಗೆ ಬರಬೇಕಿತ್ತು.
ಬೀಜ ತಿಂದು ಇಲಿ, ಇಲಿಯ ಮಕ್ಕಳು, ಮಕ್ಕಳ ಮಕ್ಕಳು;
ರಾತ್ರಿಯೆಲ್ಲ ಬೆಟ್ಟವೇ ಸರಿದಾಡಿದ ಸದ್ದು,
ಬೆಳಗಾದರೆ ಗದ್ದೆಯ ತುಂಬ ಬರೀ ದಂಟು.
ಕಣಜಗಳು ತಳ ಕಂಡವು.
ಆದರೂ ಯಾರೂ ನಿಲ್ಲಿಸಲಿಲ್ಲ, ಹಿಡಿ ಸಣ್ಣದಾಯಿತು:
ಐದು ಬೆರಳಿನದು ಮೂರು ಬೆರಳಿನದು.

ಪಿ ದಾರ್‌ಥುವಾಮಿಯ ಮನೆ ಊರ ತುದಿಗೆ.
ಮಕ್ಕಳಿಲ್ಲ. ಸತ್ತ ಗಂಡನ ಹೊಗೆಕೊಳವೆ ಗೋಡೆಯಲ್ಲಿ.
ಅವಳ ಮೆಟ್ಟಿಲ ಕೆಳಗೆ, ಹಂದಿಯಿಲ್ಲದ ಹಂದಿಗೂಡಿನ ಮಗ್ಗುಲಲ್ಲಿ
ಕೂತು ನಾನು ದೇವರ ಬುಟ್ಟಿಗೆ ಕೈ ಹಾಕಿದೆ.
ಒಂದು ಹಿಡಿ ಬಾಯಿಗೆ.
ಒಂದು ಹಿಡಿ, ತಮ್ಮ ರೋವಾನಿಗೆಂದು, ಪುವಾನಿನ ಅಂಚಿನ ಗಂಟಿಗೆ.
ಹಸಿಯಕ್ಕಿ ಹಲ್ಲಿಗೆ ಕಲ್ಲಿನ ಹಾಗೆ;
ಆ ಸದ್ದಿಗೇ ಅವಳು ತಲೆ ಹೊರಗಿಟ್ಟಳು.

ನೋಡಿದಳು. ನಾನೂ ನೋಡಿದೆ.
"ಹಸಿಯದು ತಿಂದರೆ ಹೊಟ್ಟೆ ಹಿಡಿಯುತ್ತೆ" ಎಂದಳು.
ಒಳಗೆ ಹೋದಳು.

ಮುಂದಿನ ಶನಿವಾರ ಅವಳ ಒಲೆಯ ಬಳಿ ಎರಡು ಡಬ್ಬಿ.
ಒಂದನ್ನು ಬುಟ್ಟಿಗೆ ಸುರಿದಳು, ಅಳೆದೆ: ಅರ್ಧ.
ಇನ್ನೊಂದನ್ನು ಬಾಳೆಯೆಲೆಯಲ್ಲಿ ಕಟ್ಟಿ ಬುಟ್ಟಿಯ ಮೂಲೆಗೆ ತಳ್ಳಿದಳು.
"ಇದನ್ನು ಅಳೆಯಬೇಡ. ಇದೂ ಅವನದೇ.
ಯಾರಿಗೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ."
ಅವಳ ಮಡಕೆಯಲ್ಲಿ ಕುದಿಯುತ್ತಿದ್ದುದು ಕಾಡುಗೆಣಸು.
ವಾಸನೆಯಿಂದಲೇ ಗುರುತಿಸಿದೆ.
ಗುರುತಿಸಿಯೂ ಎಲೆಕಟ್ಟು ಒಯ್ದೆ,
ಹೊಸ ಬತ್ತ ಬರುವ ತನಕ, ಹತ್ತೊಂಬತ್ತು ಶನಿವಾರ.

ಕ್ರಿಸ್‌ಮಸ್ ಕಳೆದ ಭಾನುವಾರ ಉಪಾ ಪುಸ್ತಕ ತೆರೆದು
ವರ್ಷದ ಲೆಕ್ಕ ಓದಿದ, ಹೆಚ್ಚಿನಿಂದ ಕಡಿಮೆಗೆ.
ತಪ್ಪು ಅವನದಲ್ಲ, ಓದಿದ್ದು ಬರೆದದ್ದನ್ನೇ.
ಎಲ್ಲರ ಹೆಸರೂ ಮುಗಿದ ಮೇಲೆ ಅವಳದು ಬಂತು.
ಯಾರೋ ಗಂಟಲು ಸರಿಮಾಡಿಕೊಂಡರು.
"ಒಂಟಿ ಹೊಟ್ಟೆ, ಆದರೂ ನೋಡು" ಎಂದಿತು ಹಿಂದಿನ ಬೆಂಚು.
ಅವಳು ಮುಂದಿನ ಹಾಡಿನ ಪುಟ ಹುಡುಕುತ್ತಿದ್ದಳು,
ಅಕ್ಷರ ಬಾರದವಳು, ಪುಸ್ತಕ ತಲೆಕೆಳಗೆ.
ನನಗೆ ಒಂಬತ್ತು ವರ್ಷ. ಬಾಯಿ ತೆರೆಯಲಿಲ್ಲ.
ತೊಡೆಯ ಮೇಲೆ ರೋವಾ, ಕೆನ್ನೆ ತುಂಬಿಕೊಂಡು, ನಿದ್ದೆ.

ಅವಳು ಹೋದ ಮೇಲೆ ಒಮ್ಮೆ
ಗೋರಿಯ ಮೇಲೆ ಹಿಡಿಯಕ್ಕಿ ಇಟ್ಟು ಬಂದೆ.
ನಾನು ಬೆನ್ನು ತಿರುಗಿಸುವುದಕ್ಕಿಲ್ಲ, ಕೋಳಿಗಳು ತಿಂದವು.
ಸರಿಯೇ. ಬಾಯಿ ಇದ್ದವರಿಗೇ ತಾನೆ ಅಕ್ಕಿ.

ಆ ಪುಸ್ತಕ ಇನ್ನೂ ಚರ್ಚಿನ ಕಪಾಟಿನಲ್ಲಿದೆ,
ಅಂಚನ್ನು ಗೆದ್ದಲು ತಿಂದಿದೆ, ಅವಳ ಸಾಲನ್ನು ಬಿಟ್ಟಿದೆ.
ಹೋದ ವರ್ಷ ಪೆನ್ನು ಹಿಡಿದೇ ಹೋಗಿದ್ದೆ, ಈ ಮುದಿ ಕೈಯಲ್ಲಿ,
ಹತ್ತೊಂಬತ್ತು ಎಲೆಕಟ್ಟು ಸೇರಿಸಿ ಬರೆಯೋಣವೆಂದು.
ಪುಟ ಸಿಕ್ಕಿತು. ಪೆನ್ನಿನ ಮುಚ್ಚಳ ತೆಗೆದೆ.
ತಿದ್ದಿದರೆ ಅವಳಿಗೆ ಹಿಂದಿರುಗಿಸಿದ ಹಾಗೆ.
ಮುಚ್ಚಿಟ್ಟು ಬಂದೆ.

ಅಂದು ಸಂಜೆ ಕುಕ್ಕರಿಗೆ ಹಾಕುವ ಮುನ್ನ ತೆಗೆದ ಹಿಡಿ
ತುಸು ದೊಡ್ಡದಾಯಿತೋ ಏನೋ.
ಅಳೆಯಲಿಲ್ಲ.